ಪೇಟೆಂಟ್ ಕೊಳ್ಳಲು ಪ್ರೋನೋಟು ಕೊಡುವುದು ಹೇಗೆ: ರಿಜಿಸ್ಟರ್ ನೋಡುವುದರಿಂದ ನೋಟು ವಾಪಸ್ ಪಡೆಯುವವರೆಗೆ

ಹೀಗೊಂದು ಸಂದರ್ಭ ಊಹಿಸಿಕೊಳ್ಳಿ. ಶಿವಮೊಗ್ಗದಲ್ಲಿ ಸಣ್ಣ ವರ್ಕ್‌ಶಾಪ್ ನಡೆಸುವವರೊಬ್ಬರಿದ್ದಾರೆ. ಅಡಿಕೆ ಸುಲಿಯುವ ಯಂತ್ರದ ಪೇಟೆಂಟ್ ಒಂದು ಮಾರಾಟಕ್ಕಿದೆ ಎಂದು ಅವರಿಗೆ ಗೊತ್ತಾಗುತ್ತದೆ. ಬೆಲೆ 12 ಲಕ್ಷ. ಕೈಯಲ್ಲಿರುವುದು 3 ಲಕ್ಷ. "ಉಳಿದದ್ದಕ್ಕೆ ಪ್ರೋನೋಟು ಬರೆದುಕೊಡಿ, ಯಂತ್ರ ಮಾರಾಟವಾದ ಹಾಗೆ ತೀರಿಸಿ" ಎನ್ನುತ್ತಾರೆ ಮಾರುವವರು. ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಬೀಳುತ್ತದೆ. ಎಂಟು ತಿಂಗಳಾದ ಮೇಲೆ ಎರಡು ಸಂಗತಿ ಒಟ್ಟಿಗೆ ಬೆಳಕಿಗೆ ಬರುತ್ತವೆ. ನವೀಕರಣ ಶುಲ್ಕ ಕಟ್ಟದೆ ಆ ಪೇಟೆಂಟ್ ಮಾರಾಟಕ್ಕೆ ಮುಂಚೆಯೇ ಸತ್ತುಹೋಗಿತ್ತು. ಪ್ರೋನೋಟು ಮಾತ್ರ ಚೆನ್ನಾಗಿ ಬದುಕಿದೆ. ಅದು ಈಗ ಒಬ್ಬ ಫೈನಾನ್ಸ್‌ನವರ ಕೈಯಲ್ಲಿದೆ, ಅವರು 9 ಲಕ್ಷ ಕೇಳುತ್ತಿದ್ದಾರೆ. "ಪೇಟೆಂಟಿನ ಕಥೆ ನನಗೆ ಬೇಡ, ನಾನು ದುಡ್ಡು ಕೊಟ್ಟು ನೋಟು ತಗೊಂಡಿದ್ದೇನೆ" ಎಂಬುದು ಅವರ ಮಾತು.

ಬೇಸರದ ವಿಷಯ ಏನೆಂದರೆ, ಅವರ ಮಾತಿನಲ್ಲಿ ಕಾನೂನಿನ ಬಲ ಇದೆ. ಪ್ರೋನೋಟಿಗೆ, ಅಂದರೆ ಇಷ್ಟು ಹಣ ಕೊಡುತ್ತೇನೆ ಎಂದು ಸಹಿ ಹಾಕಿ ಕೊಡುವ ಕಾಗದಕ್ಕೆ, ಒಂದು ಕಾನೂನು, 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ. ಪೇಟೆಂಟಿಗೆ ಇನ್ನೊಂದು, 1970ರ ಪೇಟೆಂಟ್ ಕಾಯ್ದೆ. ಇವೆರಡೂ ಒಂದಕ್ಕೊಂದು ಮಾತಾಡುವುದಿಲ್ಲ. ನೋಟು ಒಂದು ದಾರಿ ಹಿಡಿಯುತ್ತದೆ, ಪೇಟೆಂಟ್ ಇನ್ನೊಂದು ದಾರಿ. ಎರಡನ್ನೂ ಕಟ್ಟಿಹಾಕುವ ಕೆಲಸ ಕೊಳ್ಳುವವರೇ ಮಾಡಬೇಕು. ಅದನ್ನು ಹೇಗೆ ಮಾಡುವುದು ಎಂದು ಹಂತ ಹಂತವಾಗಿ ಹೇಳುತ್ತೇನೆ.

ಅಮೆರಿಕದ ರೈತರಿಗೆ ಆದದ್ದು

ಈ ತೊಂದರೆ ಹೊಸದಲ್ಲ. ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಊರೂರು ಸುತ್ತಿ ಪೇಟೆಂಟ್ ಹಕ್ಕು ಮಾರುವವರಿದ್ದರು. ಒಂದು ಯಂತ್ರದ ಹಕ್ಕನ್ನು ಕೌಂಟಿ ಕೌಂಟಿಗೆ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ತುಂಡು ಮಾಡಿ ರೈತರಿಗೆ ಮಾರುವುದು, ದುಡ್ಡಿಲ್ಲದವರಿಂದ ಪ್ರೋನೋಟು ಬರೆಸಿಕೊಳ್ಳುವುದು, ಆ ನೋಟನ್ನು ಬ್ಯಾಂಕಿಗೆ ಮಾರಿ ಊರು ಬಿಡುವುದು. ಯಂತ್ರ ಕೆಲಸಕ್ಕೆ ಬಾರದ್ದು ಎಂದು ರೈತ ಬ್ಯಾಂಕಿನ ಮುಂದೆ ಗೋಳಾಡಿದರೂ ಪ್ರಯೋಜನ ಇರಲಿಲ್ಲ.

ಅದಕ್ಕೆ ಹಲವು ರಾಜ್ಯಗಳು ಒಂದು ಸರಳ ಉಪಾಯ ಹುಡುಕಿದವು. ಪೇಟೆಂಟ್ ಹಕ್ಕಿಗಾಗಿ ಕೊಟ್ಟ ನೋಟಿನ ಮುಖದ ಮೇಲೆಯೇ "ಪೇಟೆಂಟ್ ಹಕ್ಕಿಗಾಗಿ ಕೊಟ್ಟದ್ದು" ಎಂದು ಬರೆಯಬೇಕು. ಪೆನ್ಸಿಲ್ವೇನಿಯಾ 1872ರಲ್ಲಿ ಇಂಥ ಕಾನೂನು ಮಾಡಿತು. ಆ ಪದಗಳನ್ನು ಓದಿಯೂ ನೋಟು ಕೊಂಡವನು "ನನಗೇನೂ ಗೊತ್ತಿರಲಿಲ್ಲ" ಎನ್ನುವಂತಿರಲಿಲ್ಲ. ಮಾರಿದವನ ವಿರುದ್ಧ ರೈತ ಹೂಡಬಹುದಾದ ತಕರಾರನ್ನೆಲ್ಲ ಅವನ ವಿರುದ್ಧವೂ ಹೂಡಬಹುದಿತ್ತು. ಕಾನ್ಸಾಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮಾರುವವನು ಮೊದಲು ಪೇಟೆಂಟಿನ ದೃಢೀಕೃತ ಪ್ರತಿಯನ್ನು ಕೌಂಟಿ ಕಚೇರಿಯಲ್ಲಿ ಸಲ್ಲಿಸಿ, ಅದು ಅಸಲಿ ಎಂದು ಪ್ರಮಾಣ ಮಾಡಬೇಕಿತ್ತು. ಪೇಟೆಂಟ್ ಕೊಡುವುದು ಕೇಂದ್ರ ಸರ್ಕಾರ, ರಾಜ್ಯಗಳು ಅಡ್ಡ ಬರಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. 1906ರಲ್ಲಿ ಆ್ಯಲನ್ ವಿರುದ್ಧ ರೈಲಿ ಪ್ರಕರಣದಲ್ಲಿ ಕಾನ್ಸಾಸ್ ಕಾನೂನನ್ನು ಕೋರ್ಟು ಎತ್ತಿಹಿಡಿಯಿತು. ಅದೇ ವರ್ಷ ಅರ್ಕಾನ್ಸಾಸ್ ರಾಜ್ಯದ ಕಾನೂನೂ ಗೆದ್ದಿತು. ಮೋಸ ತಡೆಯಲು ರಾಜ್ಯಗಳು ಇಷ್ಟು ಮಾಡಬಹುದು ಎಂಬುದು ತೀರ್ಪಿನ ತಿರುಳು.

ಭಾರತದ ಪ್ರೋನೋಟು ಕಾಯ್ದೆಯಲ್ಲಾಗಲಿ ಪೇಟೆಂಟ್ ಕಾಯ್ದೆಯಲ್ಲಾಗಲಿ ಇಂಥ ರಕ್ಷಣೆ ಇಲ್ಲ. ಆದರೆ ಅದೇ ರಕ್ಷಣೆಯನ್ನು ನಾವೇ ಕಾಗದದ ಮೇಲೆ ಕಟ್ಟಿಕೊಳ್ಳಲು ನಮ್ಮ ಕಾನೂನು ಅವಕಾಶ ಕೊಡುತ್ತದೆ.

ಹಂತ 1: ಮಾರುವವರ ಕೈಯಲ್ಲಿ ಏನಿದೆ ಎಂದು ನೋಡಿ

ಪೇಟೆಂಟ್ ರಿಜಿಸ್ಟರ್ ಸಾರ್ವಜನಿಕ ದಾಖಲೆ. ಪೇಟೆಂಟ್ ಕಚೇರಿಯ ಐಪಿ ಇಂಡಿಯಾ ಜಾಲತಾಣದಲ್ಲಿ ಪೇಟೆಂಟ್ ಸಂಖ್ಯೆ ಹಾಕಿದರೆ ಮಾಲೀಕರ ಹೆಸರು, ಶುಲ್ಕ ಕಟ್ಟಿದ ವಿವರ, ಪೇಟೆಂಟ್ ಜೀವಂತವಿದೆಯೇ ಎಂಬುದೆಲ್ಲ ಸಿಗುತ್ತದೆ. ಹುಡುಕಲು ಬರದಿದ್ದರೆ ಪೇಟೆಂಟ್ ಏಜೆಂಟರನ್ನು ಕೇಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ಪೇಟೆಂಟ್ ಮಾಹಿತಿ ಕೇಂದ್ರವೂ ಇದೆ.

ಮೊದಲು ನೋಡಬೇಕಾದದ್ದು, ಅದು ಮಂಜೂರಾದ ಪೇಟೆಂಟೋ ಬರೀ ಅರ್ಜಿಯೋ ಎಂಬುದು. "ನಮ್ಮದು ಪೇಟೆಂಟ್ ಆಗಿದೆ" ಎಂದು ಜನ ಅರ್ಜಿ ಹಾಕಿದ ದಿನದಿಂದಲೇ ಹೇಳಲು ಶುರು ಮಾಡುತ್ತಾರೆ. ಅರ್ಜಿಯನ್ನೂ ಕೊಳ್ಳಬಹುದು, ಆದರೆ ಅದರ ಬೆಲೆ ಬೇರೆ, ಫಾರಂ ಬೇರೆ. ಅರ್ಜಿದಾರರ ಜಾಗಕ್ಕೆ ನಿಮ್ಮ ಹೆಸರು ಬರಲು ಫಾರಂ 6, ಮಂಜೂರಾದ ಪೇಟೆಂಟಿಗೆ ಫಾರಂ 16.

ಎರಡನೆಯದು ಆಯಸ್ಸು. ಪೇಟೆಂಟಿನ ಅವಧಿ 20 ವರ್ಷ, ಅದೂ ಅರ್ಜಿ ಹಾಕಿದ ದಿನದಿಂದ. ಮಂಜೂರಾತಿಗೆ ಏಳೆಂಟು ವರ್ಷ ಹಿಡಿದಿದ್ದರೆ ಉಳಿದಿರುವುದು ಹನ್ನೆರಡೋ ಹದಿಮೂರೋ ಅಷ್ಟೇ. ಮೂರನೇ ವರ್ಷದಿಂದ ಪ್ರತಿ ವರ್ಷಕ್ಕೂ ನವೀಕರಣ ಶುಲ್ಕ ಕಟ್ಟಬೇಕು. ತಡವಾದರೆ ಆರು ತಿಂಗಳ ಹೆಚ್ಚುವರಿ ಸಮಯ ಸಿಗುತ್ತದೆ. ಅದೂ ದಾಟಿದರೆ ಪೇಟೆಂಟ್ ಬಿದ್ದುಹೋಗುತ್ತದೆ. ಬಿದ್ದ ದಿನದಿಂದ 18 ತಿಂಗಳೊಳಗೆ ಮತ್ತೆ ಎಬ್ಬಿಸಲು ಅರ್ಜಿ ಹಾಕಬಹುದು, ಆದರೆ ಆ ತಲೆನೋವು ಮಾರುವವರದ್ದಾಗಿರಲಿ. ನೋಟು ಬರೆಯುವ ಮುಂಚೆಯೇ ಅವರು ಅದನ್ನು ಮುಗಿಸಿಕೊಡಲಿ.

ಮೂರನೆಯದು ಪಾಲುದಾರರು. ಪೇಟೆಂಟ್ ಇಬ್ಬರ ಹೆಸರಿನಲ್ಲಿದ್ದರೆ, ಉಳಿದವರ ಒಪ್ಪಿಗೆ ಇಲ್ಲದೆ ಒಬ್ಬರು ತಮ್ಮ ಪಾಲನ್ನು ಮಾರುವಂತಿಲ್ಲ ಎಂದು ಕಲಂ 50 ಹೇಳುತ್ತದೆ. ಅಣ್ಣ ತಮ್ಮ ಸೇರಿ ಪೇಟೆಂಟ್ ಮಾಡಿಸಿ, ಈಗ ಮಾತು ಬಿಟ್ಟಿರುವ ಮನೆಗಳಲ್ಲಿ ಇದು ದೊಡ್ಡ ವಿಷಯ. ಬರೀ ಬಾಯಿಮಾತು ಸಾಲದು, ಇಬ್ಬರೂ ಪತ್ರಕ್ಕೆ ಸಹಿ ಹಾಕಲಿ.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಸರ್ಟಿಫಿಕೇಟಿನ ಮೇಲೆ ಸರ್ಕಾರದ ಮೊಹರು ಇದೆ ಎಂದಮಾತ್ರಕ್ಕೆ ಪೇಟೆಂಟ್ ಗಟ್ಟಿ ಎಂದಲ್ಲ. ಪರೀಕ್ಷೆ ಮಾಡಿ ಮಂಜೂರು ಮಾಡಿದ್ದರೂ ಅದು ಸಿಂಧುತ್ವದ ಖಾತರಿಯಲ್ಲ ಎಂದು ಪೇಟೆಂಟ್ ಕಾಯ್ದೆಯ ಕಲಂ 13ರಲ್ಲೇ ಬರೆದಿದೆ. ಮಂಜೂರಾತಿ ಪ್ರಕಟವಾದ ಮೇಲೆ ಒಂದು ವರ್ಷದವರೆಗೆ ಆಸಕ್ತರು ಪೇಟೆಂಟ್ ಕಚೇರಿಯಲ್ಲೇ ವಿರೋಧ ಸಲ್ಲಿಸಬಹುದು. ಆಮೇಲೂ ಕಲಂ 64ರ ಪ್ರಕಾರ ಹೈಕೋರ್ಟಿನಲ್ಲಿ ರದ್ದು ಕೋರಬಹುದು. ಹಾಗಾಗಿ ಹೊಸದಾಗಿ ಮಂಜೂರಾದ ಪೇಟೆಂಟಿಗೆ ಆ ಒಂದು ವರ್ಷ ಮುಗಿಯುವ ಮುಂಚೆ ಪೂರ್ತಿ ಹಣ ಕೊಡಬೇಡಿ.

ಹಂತ 2: ಷರತ್ತುಗಳೆಲ್ಲ ವರ್ಗಾವಣೆ ಪತ್ರದಲ್ಲಿ

ಪೇಟೆಂಟ್ ಮಾರಾಟ ಬಾಯಿಮಾತಿನಲ್ಲಿ ಆಗುವುದಿಲ್ಲ. ಕಲಂ 68ರ ಪ್ರಕಾರ ಅದು ಬರಹದಲ್ಲಿರಬೇಕು. ಎರಡೂ ಕಡೆಯವರ ಹಕ್ಕು, ಹೊಣೆ, ಷರತ್ತು ಎಲ್ಲವೂ ಒಂದು ದಸ್ತಾವೇಜಿನಲ್ಲಿ ಇಳಿದಿರಬೇಕು, ಸಹಿ ಆಗಿರಬೇಕು. ಇಲ್ಲದಿದ್ದರೆ ಮಾರಾಟವೇ ಸಿಂಧುವಲ್ಲ.

ಹಣದ ವಿಷಯವನ್ನು ಇಲ್ಲಿ ಬಿಡಿಸಿ ಬರೆಯಿರಿ. ನಮ್ಮ ಶಿವಮೊಗ್ಗದ ಉದಾಹರಣೆಯಲ್ಲಿ ನಾನು ಹೀಗೆ ಬರೆಸುತ್ತಿದ್ದೆ. ಸಹಿ ದಿನ 3 ಲಕ್ಷ ಬ್ಯಾಂಕ್ ಮೂಲಕ. ಉಳಿದ 9 ಲಕ್ಷಕ್ಕೆ ಒಂದೇ ನೋಟು ಬೇಡ, 3 ಲಕ್ಷದ ಮೂರು ನೋಟು. ಮೊದಲನೆಯದು ರಿಜಿಸ್ಟರಿನಲ್ಲಿ ಕೊಂಡವರ ಹೆಸರು ಬಂದ ಮೇಲೆ. ಎರಡನೆಯದು ಯಂತ್ರದ ಡ್ರಾಯಿಂಗು, ಅಚ್ಚು, ಬ್ಲೇಡಿನ ಹದ ಎಲ್ಲ ಒಪ್ಪಿಸಿದ ಮೇಲೆ. ಮೂರನೆಯದು ವಿರೋಧ ಸಲ್ಲಿಸುವ ಒಂದು ವರ್ಷ ತಂಟೆಯಿಲ್ಲದೆ ಕಳೆದ ಮೇಲೆ.

ಪೇಟೆಂಟ್ ರದ್ದಾದರೆ ಏನು ಎಂಬುದನ್ನು ಮರೆಯದೆ ಬರೆಯಿರಿ. "ಪೇಟೆಂಟ್ ರದ್ದಾದರೆ ಪಾವತಿಯಾಗದ ನೋಟುಗಳನ್ನು ವಾಪಸ್ ಕೊಡತಕ್ಕದ್ದು" ಎಂಬ ಒಂದು ಸಾಲು ಸಾಕು. ಆ ಸಾಲು ಇಲ್ಲದಿದ್ದರೆ, ಬೆಲೆಗೆ ತಕ್ಕ ವಸ್ತು ಸಿಕ್ಕಿತೋ ಇಲ್ಲವೋ ಎಂದು ವರ್ಷಗಟ್ಟಲೆ ಕೋರ್ಟಿನಲ್ಲಿ ವಾದಿಸಬೇಕಾಗುತ್ತದೆ. ಹಾಗೆಯೇ "ಶುಲ್ಕ ಬಾಕಿ ಇಲ್ಲ, ಬೇರೆ ಯಾರಿಗೂ ಲೈಸೆನ್ಸ್ ಕೊಟ್ಟಿಲ್ಲ, ಅಡಮಾನ ಇಟ್ಟಿಲ್ಲ" ಎಂಬ ಭರವಸೆಗಳೂ ಇರಲಿ.

ಪೇಟೆಂಟ್ ಕಚೇರಿಗೆ ಕೊಡುವ ಕಾಗದಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿರಬೇಕು. ಹಾಗಾಗಿ ಈ ಪತ್ರ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಸಹಿ ಹಾಕುವವರಿಗೆ ಇಂಗ್ಲಿಷ್ ಬರದಿದ್ದರೆ ಸಾಲು ಸಾಲು ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳಿ, ಒಂದು ಕನ್ನಡ ಪ್ರತಿಯನ್ನೂ ಇಟ್ಟುಕೊಳ್ಳಿ. ನಾಚಿಕೆ ಬೇಡ. ಈ ಪತ್ರಕ್ಕೆ ಬೇರೆಯಾಗಿ ರಾಜ್ಯದ ಮುದ್ರಾಂಕ ಶುಲ್ಕ ಇದೆ, ಜಿಎಸ್‌ಟಿ ಪ್ರಶ್ನೆಯೂ ಬರುತ್ತದೆ. ಮೊತ್ತವನ್ನು ವಕೀಲರಿಂದಲೂ ಆಡಿಟರಿಂದಲೂ ಮುಂಚೆಯೇ ಲೆಕ್ಕ ಹಾಕಿಸಿ.

ಹಂತ 3: ನೋಟು ಎಷ್ಟು ಸರಳವೋ ಅಷ್ಟು ಒಳ್ಳೆಯದು

ಪ್ರೋನೋಟಿಗೆ 1881ರ ಕಾಯ್ದೆಯ ಕಲಂ 4 ಕೇಳುವುದು ಇಷ್ಟೇ. ಬರಹದಲ್ಲಿರಬೇಕು. ಕೊಡುವವರ ಸಹಿ ಇರಬೇಕು. ಇಂಥವರಿಗೆ ಇಷ್ಟು ಹಣ ಕೊಡುತ್ತೇನೆ ಎಂಬ ಮಾತಿರಬೇಕು. ಆ ಮಾತಿಗೆ ಷರತ್ತು ಇರಬಾರದು. ಮೊತ್ತ ನಿಖರವಾಗಿರಬೇಕು, ಕೊಡುವುದು ಹಣ ಮಾತ್ರ ಆಗಿರಬೇಕು.

ಕಾಯ್ದೆಯಲ್ಲಿ ಕೊಟ್ಟ ಉದಾಹರಣೆಗಳು ಸ್ವಾರಸ್ಯವಾಗಿವೆ. "ಬಿ ಎಂಬವರಿಗೆ 500 ರೂಪಾಯಿ ಕೊಡುತ್ತೇನೆ, ಜೊತೆಗೆ ಬರುವ ಜನವರಿ 1ಕ್ಕೆ ನನ್ನ ಕಪ್ಪು ಕುದುರೆಯನ್ನೂ ಒಪ್ಪಿಸುತ್ತೇನೆ" ಎಂದರೆ ಅದು ಪ್ರೋನೋಟಲ್ಲ, ಯಾಕೆಂದರೆ ಕುದುರೆ ಹಣವಲ್ಲ. "ಸಿ ಜೊತೆ ನನ್ನ ಮದುವೆಯಾಗಿ ಏಳು ದಿನಕ್ಕೆ 500 ಕೊಡುತ್ತೇನೆ" ಎಂದರೂ ಅಲ್ಲ, ಮದುವೆ ಆಗದೆಯೂ ಹೋಗಬಹುದಲ್ವಾ? ನೂರೈವತ್ತು ವರ್ಷ ಹತ್ತಿರ ಬಂದ ಕಾನೂನು, ಇವತ್ತಿಗೂ ಈ ಉದಾಹರಣೆಗಳೇ ದಾರಿ ತೋರಿಸುತ್ತವೆ.

ನಮ್ಮ ವ್ಯವಹಾರಕ್ಕೆ ಇದನ್ನು ಹೊಂದಿಸಿ ನೋಡಿ. "ಪೇಟೆಂಟ್ ನನ್ನ ಹೆಸರಿಗೆ ಆದರೆ 3 ಲಕ್ಷ ಕೊಡುತ್ತೇನೆ" ಎಂದು ಬರೆದರೆ ಅದು ಷರತ್ತು, ನೋಟು ಕೆಟ್ಟಿತು. "ಮಾರಾಟವಾದ ಪ್ರತಿ ಯಂತ್ರಕ್ಕೆ 2,000ದಂತೆ ಕೊಡುತ್ತೇನೆ" ಎಂದರೆ ಮೊತ್ತ ನಿಖರವಲ್ಲ, ಅದು ರಾಯಲ್ಟಿ ಒಪ್ಪಂದ. "ವರ್ಗಾವಣೆ ಪತ್ರದ ಷರತ್ತುಗಳಿಗೆ ಒಳಪಟ್ಟು" ಎಂಬ ಪದಗಳನ್ನು ಕೆಲವರು ಜಾಗ್ರತೆ ಅಂದುಕೊಂಡು ಸೇರಿಸುತ್ತಾರೆ. ಅದೂ ನೋಟನ್ನು ಷರತ್ತಿನ ಕಾಗದ ಮಾಡಿಬಿಡುತ್ತದೆ. ಆದರೆ "ಈ ಹಣ ಇಂಥ ಪೇಟೆಂಟಿನ ಬೆಲೆಯ ಭಾಗ" ಎಂದು ಸುಮ್ನೆ ಗುರುತಿಸಿದರೆ ತೊಂದರೆ ಇಲ್ಲ. ಹಣ ಯಾಕಾಗಿ ಎಂದು ಹೇಳುವುದು ಷರತ್ತಾಗುವುದಿಲ್ಲ.

ನೋಟು ಕನ್ನಡದಲ್ಲಿದ್ದರೂ ಪೂರ್ತಿ ಸಿಂಧು. ಒಂದು ಮಾದರಿ ಕೊಡುತ್ತೇನೆ:

"ಸ್ಥಳ: ಶಿವಮೊಗ್ಗ. ದಿನಾಂಕ: …
ರೂ. 3,00,000 (ಮೂರು ಲಕ್ಷ ರೂಪಾಯಿ ಮಾತ್ರ)
… ಅವರ ಮಗ, … ವಾಸಿ … ಆದ ನಾನು, … ಅವರಿಗೆ, ಅವರಿಗೆ ಮಾತ್ರ, ಕೇಳಿದ ಕೂಡಲೇ ಮೂರು ಲಕ್ಷ ರೂಪಾಯಿ ಕೊಡುತ್ತೇನೆ. ಹಣ ಕೇಳಿದ ಲಿಖಿತ ನೋಟಿಸು ನನಗೆ ತಲುಪಿದ ದಿನದಿಂದ ವರ್ಷಕ್ಕೆ ಶೇ. 9ರಂತೆ ಬಡ್ಡಿ ಕೊಡುತ್ತೇನೆ. ಈ ಹಣ ಭಾರತೀಯ ಪೇಟೆಂಟ್ ಸಂಖ್ಯೆ … ಹಕ್ಕಿನ ಬೆಲೆಯ ಭಾಗ. ಈ ನೋಟನ್ನು ಬೇರೆ ಯಾರಿಗೂ ವರ್ಗಾಯಿಸುವಂತಿಲ್ಲ.
(ಸ್ಟಾಂಪಿನ ಮೇಲೆ ಸಹಿ)"

ಬಡ್ಡಿಯ ಸಾಲನ್ನು ಬಿಡಬೇಡಿ. ನೋಟಿನಲ್ಲಿ ದರ ಬರೆಯದಿದ್ದರೆ, ಕೊಡಬೇಕಾದ ದಿನದಿಂದ ಶೇ. 18 ಎಂದು ಕಲಂ 80 ಹೇಳುತ್ತದೆ. ಬೇರೆ ಕಾಗದದಲ್ಲಿ ಬೇರೆ ದರ ಒಪ್ಪಿಕೊಂಡಿದ್ದರೂ ಅದು ನಡೆಯುವುದಿಲ್ಲ. ನೋಟಿನಲ್ಲೇ ಇರಬೇಕು.

ಕಂಪನಿಯ ಪರವಾಗಿ ಸಹಿ ಹಾಕುವುದಾದರೆ ಕಂಪನಿಯ ಹೆಸರು ಬರೆದು "ಪರವಾಗಿ" ಎಂದು ಸ್ಪಷ್ಟವಾಗಿ ತೋರಿಸಿ, ನಿರ್ದೇಶಕ ಮಂಡಳಿಯ ಠರಾವು ಇಟ್ಟುಕೊಳ್ಳಿ. ಬರೀ ಹೆಸರು ಗೀಚಿದರೆ ಸಾಲ ಸ್ವಂತ ತಲೆಗೆ ಬರುತ್ತದೆ.

ಖಾಲಿ ಸ್ಟಾಂಪ್ ಕಾಗದಕ್ಕೆ ಸಹಿ ಹಾಕಿ ಕೊಡುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ದಯವಿಟ್ಟು ಬೇಡ. ಹಾಗೆ ಕೊಟ್ಟರೆ, ಆ ಸ್ಟಾಂಪಿಗೆ ಸಲ್ಲುವಷ್ಟು ಮೊತ್ತವನ್ನು ತುಂಬಿಕೊಳ್ಳಲು ಪಡೆದವರಿಗೆ ಕಲಂ 20 ಅಧಿಕಾರ ಕೊಡುತ್ತದೆ. "ನಾನು ಅಷ್ಟು ಹೇಳಿರಲಿಲ್ಲ" ಎಂದು ಆಮೇಲೆ ಸಾಬೀತು ಮಾಡುವುದು ಬಹಳ ಕಷ್ಟ.

ಹಂತ 4: "ಅವರಿಗೆ ಮಾತ್ರ" ಎಂಬ ಎರಡು ಪದ, ಮತ್ತು ಸಾಕ್ಷಿ ಸಹಿಯ ಬಲೆ

ಮೇಲಿನ ಮಾದರಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು "ಅವರಿಗೆ ಮಾತ್ರ" ಮತ್ತು "ವರ್ಗಾಯಿಸುವಂತಿಲ್ಲ" ಎಂಬ ಪದಗಳು. ಅಂಗಡಿಯಲ್ಲಿ ಸಿಗುವ ಅಚ್ಚಾದ ಫಾರಂಗಳಲ್ಲಿ "ಅವರಿಗೆ ಅಥವಾ ಅವರು ಹೇಳಿದವರಿಗೆ" ಎಂದಿರುತ್ತದೆ. ಆ ಪದಗಳಿದ್ದರೆ ಮಾರಿದವರು ನೋಟಿನ ಹಿಂದೆ ಸಹಿ ಹಾಕಿ ಇನ್ನೊಬ್ಬರಿಗೆ ದಾಟಿಸಬಹುದು. ಬೆಲೆ ಕೊಟ್ಟು, ದೋಷದ ಸುಳಿವಿಲ್ಲದೆ, ಗಡುವಿಗೆ ಮುಂಚೆ ಪಡೆದವರನ್ನು ವಕೀಲರು ಹೋಲ್ಡರ್ ಇನ್ ಡ್ಯೂ ಕೋರ್ಸ್ ಎನ್ನುತ್ತಾರೆ. ನೀವು ಮತ್ತು ಮಾರಿದವರು ಇಬ್ಬರೇ ಇದ್ದಾಗ "ಪೇಟೆಂಟ್ ಬರಲೇ ಇಲ್ಲ, ಹಣ ಯಾಕೆ ಕೊಡಲಿ" ಎಂದು ಕಲಂ 43ರ ಬಲದಿಂದ ಕೇಳಬಹುದು. ಅಂಥ ಮೂರನೆಯವರ ಮುಂದೆ ಆ ಮಾತು ನಡೆಯುವುದಿಲ್ಲ.

ಪೇಟೆಂಟ್ ಸಂಖ್ಯೆ ಬರೆದದ್ದು ಅವರಿಗೆ ಎಚ್ಚರಿಕೆಯಾಗುತ್ತದೆ, ಸರಿ. ಆದರೆ ಅಮೆರಿಕದ ಆ ರಾಜ್ಯಗಳ ಹಾಗೆ ನಮ್ಮ ಕಾನೂನು ಆ ಪದಗಳಿಗೆ ವಿಶೇಷ ಶಕ್ತಿ ಕೊಟ್ಟಿಲ್ಲ. ಅದಕ್ಕೇ ವರ್ಗಾವಣೆಯನ್ನೇ ತಡೆಯುವ ಪದ ಬೇಕು. 1881ರ ಕಾಯ್ದೆಯ ಕಲಂ 13ರ ವಿವರಣೆ ಇದಕ್ಕೆ ಜಾಗ ಕೊಡುತ್ತದೆ. ವರ್ಗಾವಣೆ ತಡೆಯುವ ಪದಗಳಿದ್ದರೆ ಅದು ಕೈಯಿಂದ ಕೈಗೆ ಓಡಾಡುವ ಕಾಗದವಲ್ಲ. ಆದರೂ ಅದು ಪ್ರೋನೋಟಂತೂ ಹೌದೇ ಹೌದು.

"ನೋಟು ತಂದವರಿಗೆ ಕೊಡುತ್ತೇನೆ" ಎಂದು ಮಾತ್ರ ಯಾವತ್ತೂ ಬರೆಯಬೇಡಿ. ಅಂಥ ಪ್ರೋನೋಟು ಹೊರಡಿಸುವ ಅಧಿಕಾರ ರಿಸರ್ವ್ ಬ್ಯಾಂಕಿಗೂ ಕೇಂದ್ರ ಸರ್ಕಾರಕ್ಕೂ ಮಾತ್ರ ಇದೆ.

ಈಗ ಬಲೆಯ ವಿಷಯ. ನಮ್ಮ ಕಡೆ ಯಾವ ಕಾಗದವಾದರೂ ಕೆಳಗೆ ಇಬ್ಬರು ಸಾಕ್ಷಿಗಳ ಸಹಿ ಇರಲೇಬೇಕು ಎಂಬ ನಂಬಿಕೆ ಇದೆ. ಪ್ರೋನೋಟಿಗೆ ಸಾಕ್ಷಿ ಸಹಿ ಕಾನೂನಿನ ಪ್ರಕಾರ ಬೇಡವೇ ಬೇಡ. ಇಲ್ಲಿ ಅದು ಅಪಾಯ ಕೂಡ. ಸ್ಟಾಂಪ್ ಕಾಯ್ದೆಯ ವ್ಯಾಖ್ಯೆಯಲ್ಲಿ, ಸಾಕ್ಷಿ ಸಹಿ ಇದ್ದು, "ಹೇಳಿದವರಿಗೆ" ಅಥವಾ "ತಂದವರಿಗೆ" ಎಂಬ ಪದಗಳಿಲ್ಲದೆ ಹಣ ಕೊಡುತ್ತೇನೆ ಎಂದು ಬರೆದ ಕಾಗದ 'ಬಾಂಡ್' ಆಗುತ್ತದೆ. ಬಾಂಡಿಗೆ ಮುದ್ರಾಂಕ ಶುಲ್ಕ ಬಹಳ ಜಾಸ್ತಿ. ಅಂದರೆ ವರ್ಗಾವಣೆ ತಡೆದ ನೋಟಿಗೆ ಒಬ್ಬ ಸಾಕ್ಷಿ ಸಹಿ ಹಾಕಿದರೂ, ರೆವಿನ್ಯೂ ಸ್ಟಾಂಪ್ ಹಚ್ಚಿದ ನಿಮ್ಮ ಪ್ರೋನೋಟು ಶುಲ್ಕ ಕಡಿಮೆ ಬಿದ್ದ ಬಾಂಡ್ ಎಂಬ ತಕರಾರಿಗೆ ಸಿಕ್ಕಿಬೀಳುತ್ತದೆ. ಹಾಗಾಗಿ ನೋಟಿಗೆ ಸಾಕ್ಷಿ ಬೇಡ. ಸಾಕ್ಷಿಗಳು ವರ್ಗಾವಣೆ ಪತ್ರಕ್ಕೆ ಸಹಿ ಹಾಕಲಿ.

ಹಂತ 5: ಸ್ಟಾಂಪು

ಪ್ರೋನೋಟಿನ ಮುದ್ರಾಂಕ ದರ ಸಂವಿಧಾನದ ಪ್ರಕಾರ ಕೇಂದ್ರದ ವಿಷಯ, ಹಾಗಾಗಿ ಬೀದರಿನಲ್ಲೂ ಕಾಸರಗೋಡಿನಲ್ಲೂ ಒಂದೇ ದರ. ಕೇಳಿದ ಕೂಡಲೇ ಕೊಡುವ ನೋಟಿಗೆ, ಅಂದರೆ ಆನ್ ಡಿಮಾಂಡ್ ನೋಟಿಗೆ, ಸುಂಕ ಪೈಸೆಗಳ ಲೆಕ್ಕದಲ್ಲಿದೆ. ಮೊತ್ತ ಎಷ್ಟೇ ಇರಲಿ, ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಸಾಕಾಗುತ್ತದೆ. ಗಡುವು ಹಾಕಿದ ನೋಟಿನ ಕಥೆ ಬೇರೆ. ಅದಕ್ಕೆ ಮೊತ್ತ ಮತ್ತು ಅವಧಿ ನೋಡಿ ಶುಲ್ಕ ಏರುತ್ತದೆ, ಒಂದು ವರ್ಷ ದಾಟಿದರೆ ಇನ್ನೂ ಜಾಸ್ತಿ. ದಿನಾಂಕವನ್ನೇ ಹೇಳದಿದ್ದರೆ ಅದು ಆನ್ ಡಿಮಾಂಡ್ ನೋಟು ಎಂದೇ ಲೆಕ್ಕ.

ಸ್ಟಾಂಪು ಸಹಿಗೆ ಮುಂಚೆ ಅಥವಾ ಸಹಿಯ ಹೊತ್ತಿಗೆ ಹಚ್ಚಿರಬೇಕು. ಸಹಿ ಸ್ಟಾಂಪಿನ ಮೇಲೆ ಹಾಯ್ದು ಹೋಗಬೇಕು, ಅದನ್ನು ಮತ್ತೆ ಬಳಸಲು ಆಗಬಾರದು. ಮಾರುವವರು ಇದನ್ನು ವಿಶೇಷವಾಗಿ ಗಮನಿಸಿ. ಬೇರೆ ಕಾಗದಗಳಿಗೆ ಶುಲ್ಕ ಕಡಿಮೆ ಬಿದ್ದರೆ ದಂಡ ಕಟ್ಟಿ ಸರಿ ಮಾಡಬಹುದು. ಪ್ರೋನೋಟಿಗೆ ಆ ದಾರಿ ಇಲ್ಲ. ಸ್ಟಾಂಪಿಲ್ಲದ ಪ್ರೋನೋಟನ್ನು ಕೋರ್ಟು ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ, ಎಷ್ಟು ದಂಡ ಕಟ್ಟುತ್ತೇನೆ ಎಂದರೂ. ಹೊರದೇಶದಲ್ಲಿ ಕೂತು ಸಹಿ ಹಾಕಿದ ನೋಟಾದರೆ, ಭಾರತದಲ್ಲಿ ಮೊದಲು ಪಡೆದವರು ಅದನ್ನು ಬಳಸುವ ಮುಂಚೆ ಸ್ಟಾಂಪ್ ಹಚ್ಚಿ ರದ್ದುಗೊಳಿಸಬೇಕು.

ಹಂತ 6: ನೋಟುಗಳನ್ನು ನಡುವಿನವರ ಕೈಯಲ್ಲಿಡಿ

ನೋಟಿನಲ್ಲಿ ಷರತ್ತು ಹಾಕುವಂತಿಲ್ಲ, ಆದರೆ ಷರತ್ತು ಬೇಕೇ ಬೇಕು. ಈ ಗಂಟು ಬಿಚ್ಚುವುದು ಹೇಗೆ? ನೋಟು ಮಾರುವವರ ಕೈ ಸೇರುವ ಗಳಿಗೆಗೆ ಷರತ್ತು ಹಾಕುವುದು. ಪ್ರೋನೋಟು ಪೂರ್ತಿಯಾಗುವುದು ಸಹಿಯಿಂದ ಮಾತ್ರ ಅಲ್ಲ, ಒಪ್ಪಿಸುವುದರಿಂದ. ಷರತ್ತಿನ ಮೇಲೆ ಒಪ್ಪಿಸಿದ್ದು ಎಂದು ತೋರಿಸಲು ಕಲಂ 46 ಅವಕಾಶ ಕೊಡುತ್ತದೆ.

ಮೂರೂ ನೋಟುಗಳನ್ನು ಇಬ್ಬರೂ ನಂಬುವ ವಕೀಲರ ಅಥವಾ ಆಡಿಟರ ಹತ್ತಿರ ಇಡಿ. ಒಂದು ಪುಟದ ಪತ್ರಕ್ಕೆ ಮೂವರೂ ಸಹಿ ಹಾಕಿ. ಯಾವ ನೋಟನ್ನು ಯಾವ ಕಾಗದ ನೋಡಿದ ಮೇಲೆ ಬಿಡಬೇಕು ಎಂದು ಅದರಲ್ಲಿ ಬರೆಯಿರಿ. "ತೃಪ್ತಿಯಾದ ಮೇಲೆ" ಎಂಬಂಥ ಮಾತು ಬೇಡ. "ರಿಜಿಸ್ಟರಿನಲ್ಲಿ ಹೆಸರು ಸೇರಿದ್ದನ್ನು ತೋರಿಸುವ ದೃಢೀಕೃತ ಪ್ರತಿ" ಎಂದು ಬರೆದರೆ ಯಾರೂ ಜಗಳ ಆಡಲು ಆಗುವುದಿಲ್ಲ. ಪೇಟೆಂಟ್ ಬಿದ್ದುಹೋದರೆ ನೋಟು ಯಾರಿಗೆ ವಾಪಸ್ ಎಂಬುದೂ ಇರಲಿ.

ಹೀಗೆ ಇಡುವುದರಿಂದ ಮಾರುವವರಿಗೂ ನಷ್ಟವಿಲ್ಲ. ಆನ್ ಡಿಮಾಂಡ್ ನೋಟಿಗೆ ದಾವಾ ಹಾಕಲು ಮೂರು ವರ್ಷ, ಸಾಮಾನ್ಯವಾಗಿ ನೋಟಿನ ದಿನಾಂಕದಿಂದಲೇ ಎಣಿಕೆ. ಆದರೆ ಒಂದು ಘಟನೆ ನಡೆದ ಮೇಲೆ ಕೊಡಲೆಂದು ಮೂರನೆಯವರ ಕೈಯಲ್ಲಿಟ್ಟ ನೋಟಿಗೆ, ಅದು ಹಣ ಪಡೆಯುವವರ ಕೈ ಸೇರಿದ ದಿನದಿಂದ ಎಣಿಕೆ ಎಂದು 1963ರ ಕಾಲಮಿತಿ ಕಾಯ್ದೆಯ 38ನೇ ಅನುಚ್ಛೇದ ಹೇಳುತ್ತದೆ. ಹಾಗಾಗಿ ಕೈ ಸೇರಿದ ದಿನಕ್ಕೆ ಒಂದು ರಸೀದಿ ಮಾಡಿಸಿ.

ಬರೀ ನೋಟಿನ ಮೇಲೆ ಮಾರುವವರಿಗೆ ಧೈರ್ಯ ಬರದಿದ್ದರೆ, ಹಣ ತೀರುವವರೆಗೆ ಪೇಟೆಂಟನ್ನೇ ಅಡಮಾನ ಕೇಳಬಹುದು. ಅದೂ ಬರಹದಲ್ಲಿರಬೇಕು, ಪೇಟೆಂಟ್ ರಿಜಿಸ್ಟರಿನಲ್ಲಿ ದಾಖಲಾಗಬೇಕು. ಕೊಳ್ಳುವುದು ಕಂಪನಿಯಾದರೆ 30 ದಿನಗಳೊಳಗೆ ಕಂಪನಿ ರಿಜಿಸ್ಟ್ರಾರರಲ್ಲೂ ದಾಖಲಿಸಬೇಕು. ಭದ್ರತೆಗೆಂದು ಖಾಲಿ ಚೆಕ್ ಕೊಡುವುದಕ್ಕಿಂತ ಇದು ಎಷ್ಟೋ ಮೇಲು. ನೋಟಿನ ಹಣ ಕೊಡದಿದ್ದರೆ ಸಿವಿಲ್ ದಾವಾ ಮಾತ್ರ. ಕಲಂ 138ರ ಕ್ರಿಮಿನಲ್ ಕೇಸು ಇರುವುದು ಚೆಕ್ಕಿಗೆ. ಅಲ್ಲಿ ಎರಡು ವರ್ಷದವರೆಗೆ ಜೈಲು, ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ.

ಹಂತ 7: ಫಾರಂ 16

ಪತ್ರಕ್ಕೆ ಸಹಿ ಬಿದ್ದ ವಾರದಲ್ಲೇ ಫಾರಂ 16 ಸಲ್ಲಿಸಿ. ಕರ್ನಾಟಕ ಬರುವುದು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ. ಅರ್ಜಿ ಆನ್‌ಲೈನಿನಲ್ಲೇ ಹೋಗುತ್ತದೆ, ರೈಲು ಹತ್ತಬೇಕಿಲ್ಲ. ದಾಖಲಾಗದ ವರ್ಗಾವಣೆ ಪತ್ರವನ್ನು ಮಾಲೀಕತ್ವದ ಸಾಕ್ಷ್ಯವಾಗಿ ಪೇಟೆಂಟ್ ಕಚೇರಿಯ ಅಧಿಕಾರಿ ಕಂಟ್ರೋಲರಾಗಲಿ ಕೋರ್ಟಾಗಲಿ ಸಾಮಾನ್ಯವಾಗಿ ಒಪ್ಪುವುದಿಲ್ಲ ಎಂದು ಪೇಟೆಂಟ್ ಕಾಯ್ದೆಯ ಕಲಂ 69 ಹೇಳುತ್ತದೆ. ನಿಮ್ಮ ಯಂತ್ರವನ್ನು ಇನ್ನೊಬ್ಬರು ನಕಲು ಮಾಡಿದಾಗ ಈ ದಾಖಲೆ ಇಲ್ಲದೆ ಕೈ ಕಟ್ಟಿದಂತಾಗುತ್ತದೆ. ಮುಂದಿನ ನವೀಕರಣ ಶುಲ್ಕದ ದಿನವನ್ನೂ ಅವತ್ತೇ ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಇನ್ನು ಮೇಲೆ ಅದು ನಿಮ್ಮ ಹೊಣೆ.

ಹಂತ 8: ಹಣ ಕೊಡುವುದು, ನೋಟು ಬಿಡಿಸಿಕೊಳ್ಳುವುದು

ಬ್ಯಾಂಕ್ ಮೂಲಕವೇ ಕೊಡಿ. ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಮೇಲ್ಪಟ್ಟು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ತಡೆಯುತ್ತದೆ. ಭಾಗಶಃ ಕೊಟ್ಟರೆ ನೋಟಿನ ಹಿಂದೆ ದಿನಾಂಕ ಸಹಿತ ಷರಾ ಬರೆಸಿ, ಇಬ್ಬರೂ ಸಹಿ ಹಾಕಿ. ಈ ಷರಾಕ್ಕೆ ಇನ್ನೊಂದು ಪರಿಣಾಮ ಇದೆ. ಮೂರು ವರ್ಷದೊಳಗೆ ಹೀಗೆ ಭಾಗಶಃ ಕೊಟ್ಟು ಸಹಿ ಹಾಕಿದರೆ, ಅವತ್ತಿನಿಂದ ಹೊಸದಾಗಿ ಮೂರು ವರ್ಷ ಶುರುವಾಗುತ್ತದೆ. ನೋಟಿನ ಮುಖದ ಮೇಲೆ ಮೊತ್ತವನ್ನೋ ದಿನಾಂಕವನ್ನೋ ತಿದ್ದಲು ಹೋಗಬೇಡಿ. ಇನ್ನೊಬ್ಬರ ಒಪ್ಪಿಗೆ ಇಲ್ಲದ ಮುಖ್ಯ ತಿದ್ದುಪಡಿ ನೋಟನ್ನೇ ಕೊಲ್ಲುತ್ತದೆ.

ಜಗಳ ಕೋರ್ಟಿಗೆ ಹೋದರೆ, ನೋಟು ಹಿಡಿದವರ ಕಡೆಗೆ ತಕ್ಕಡಿ ಸ್ವಲ್ಪ ವಾಲಿರುತ್ತದೆ. ಬೆಲೆ ಪಡೆದೇ ನೋಟು ಬರೆದದ್ದು ಎಂದು 1881ರ ಕಾಯ್ದೆಯ ಕಲಂ 118ರ ಪ್ರಕಾರ ಕೋರ್ಟು ಮೊದಲು ಊಹಿಸುತ್ತದೆ. ಅಲ್ಲ ಎಂದು ತೋರಿಸುವುದು ಸಹಿ ಹಾಕಿದವರ ಕೆಲಸ. ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೇ ಆದೇಶದಡಿ ಚುಟುಕು ದಾವಾ ಹಾಕಿದರೆ, ಸಮನ್ಸ್ ಬಂದು 10 ದಿನಗಳೊಳಗೆ ಹಾಜರಾತಿ ಕೊಡಬೇಕು. ಆಮೇಲೆ ತೀರ್ಪಿಗಾಗಿ ಕೊಡುವ ಸಮನ್ಸ್ ತಲುಪಿ 10 ದಿನಗಳೊಳಗೆ ವಾದಿಸಲು ಅನುಮತಿ ಕೇಳಬೇಕು. ಸಮನ್ಸನ್ನು ಮೇಜಿನ ಡ್ರಾಯರಿಗೆ ಹಾಕಿ ಮರೆತರೆ ತೀರ್ಪು ಬಂದೇಬಿಡುತ್ತದೆ. ಬಂದ ದಿನವೇ ವರ್ಗಾವಣೆ ಪತ್ರ, ನಡುವಿನವರ ಪತ್ರ, ಬ್ಯಾಂಕ್ ದಾಖಲೆ ಹಿಡಿದು ವಕೀಲರ ಹತ್ತಿರ ಹೋಗಿ.

ಪೂರ್ತಿ ಹಣ ಕೊಟ್ಟ ದಿನ ಬರೀ ರಸೀದಿ ತಂದುಕೊಳ್ಳಬೇಡಿ, ಮೂಲ ನೋಟನ್ನೇ ಕೇಳಿ. ಕಲಂ 81 ನಿಮಗೆ ಆ ಹಕ್ಕು ಕೊಟ್ಟಿದೆ. ಕಳೆದುಹೋಗಿದೆ ಎಂದರೆ, ಮುಂದೆ ಯಾರಾದರೂ ಅದನ್ನು ಹಿಡಿದು ಬಂದರೆ ತಾವೇ ಹೊಣೆ ಎಂದು ಮಾರಿದವರಿಂದ ಬರೆಸಿಕೊಂಡ ಮೇಲೆ ಹಣ ಕೊಡಿ. ನೋಟು ಕೈಗೆ ಬಂದರೆ ಅಡ್ಡಗೆರೆ ಎಳೆದು, "ಪೂರ್ತಿ ಸಂದಾಯವಾಗಿದೆ" ಎಂದು ಮಾರಿದವರ ಕೈಯಲ್ಲೇ ದಿನಾಂಕ ಸಹಿತ ಬರೆಸಿ, ಪೇಟೆಂಟ್ ಸರ್ಟಿಫಿಕೇಟಿನ ಜೊತೆ ಒಂದೇ ಫೈಲಿನಲ್ಲಿಡಿ.